ಅಡಗಿರುವ ರಕ್ತದೊತ್ತಡ: ಯಾರನ್ನು ಪರೀಕ್ಷಿಸಬೇಕು?

ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋಗುವ ದಾರಿಯಲ್ಲಿ ನಾಮದ ಚಿಲುಮೆ ಸಿಗುತ್ತದೆ. ಬಂಡೆಯ ಒಡಲಿನ ನೀರು ಹೊರಗೆ ಒಸರಿದ್ದರಿಂದ ಅದು ಅಲ್ಲಿದೆಯೆಂದು ನಾವು ಬಲ್ಲೆವು. ಒಸರದೆ ಉಳಿದ ನೀರಿನ ಸುಳಿವು ಯಾರಿಗೆ ಹತ್ತೀತು? ಏರಿದ ರಕ್ತದೊತ್ತಡವೂ ಬಹುಮಟ್ಟಿಗೆ ಹಾಗೆಯೇ. ನೋವಿಲ್ಲ, ಜ್ವರವಿಲ್ಲ, ಪಾರ್ಶ್ವವಾಯು ಬಡಿದ ಮೇಲೆಯೇ ಎಷ್ಟೋ ಮನೆಗಳಲ್ಲಿ ಅದರ ಹೆಸರು ಕೇಳಿಬರುತ್ತದೆ.

ಅಳೆಯುವ ವಿದ್ಯೆ ಹೊಸದಲ್ಲ. ತೋಳಿಗೆ ಸುತ್ತುವ ಪಟ್ಟಿಯ ಉಪಕರಣವನ್ನು ಇಟಲಿಯ ರಿವಾ-ರೊಚ್ಚಿ 1896ರಲ್ಲೇ ರೂಪಿಸಿದರು. ನಮ್ಮ ದೇಶದಲ್ಲಿ 30 ವರ್ಷ ತುಂಬಿದ ಎಲ್ಲರನ್ನೂ ಪರೀಕ್ಷಿಸುವ ಕಾರ್ಯಕ್ರಮ 2017ರಲ್ಲಿ ಆರಂಭವಾಯಿತು. ಆಶಾ ಕಾರ್ಯಕರ್ತೆಯು ಮನೆಬಾಗಿಲಿಗೆ ಬಂದು ವಯಸ್ಸು, ತಂಬಾಕಿನ ಅಭ್ಯಾಸ, ಸೊಂಟದ ಸುತ್ತಳತೆ, ವಂಶದ ರೋಗ ಇವನ್ನೆಲ್ಲ ವಿಚಾರಿಸಿ ಬರೆದುಕೊಳ್ಳುವುದು ಇದಕ್ಕಾಗಿಯೇ. ಒತ್ತಡ 140/90 ಮುಟ್ಟಿದರೆ ಬೇರೊಂದು ದಿನ ಮತ್ತೆ ಅಳೆದು ಖಚಿತಪಡಿಸಿಕೊಳ್ಳಬೇಕು.

ಈ ಮೊದಲ ಅಳತೆಗೆ ವಯಸ್ಸೊಂದೇ ಸಾಕು, ಬೇರೆ ಆಯ್ಕೆ ಬೇಡ. ಆದರೆ ವೈದ್ಯರ ಮುಂದೆ ಸರಿಯಾಗಿದ್ದು, ಮನೆಯಲ್ಲಿ, ದುಡಿಮೆಯ ಜಾಗದಲ್ಲಿ ಏರುವ ಒತ್ತಡವೂ ಉಂಟು. ಥಾಮಸ್ ಪಿಕರಿಂಗ್ ಮತ್ತು ಸಂಗಡಿಗರು 2002ರಲ್ಲಿ ಇದಕ್ಕೆ 'ಮುಸುಕಿನ ರಕ್ತದೊತ್ತಡ' ಎಂಬ ಅರ್ಥದ ಹೆಸರಿಟ್ಟರು. "ನಿಮಗೇನೂ ಇಲ್ಲ" ಎಂಬ ಮಾತನ್ನು ನಂಬಿ ಹಿಂದಿರುಗಿದವನ ಹೃದಯ, ಮೂತ್ರಪಿಂಡಗಳು ಸದ್ದಿಲ್ಲದೆ ಸವೆಯುತ್ತಿರುತ್ತವೆ. ಹಾಗೆಂದು ಪ್ರತಿಯೊಂದು ಮನೆಗೂ ಯಂತ್ರವನ್ನು ಕಳುಹಿಸಲಾದೀತೆ? ಇಲ್ಲಿ ಆರಿಸದೆ ವಿಧಿಯಿಲ್ಲ. ಮೇಲಿನ ಅಂಕ 130ರಿಂದ 139ರ ಅಂಚಿನಲ್ಲಿರುವವರು, ಸಕ್ಕರೆ ಕಾಯಿಲೆಯವರು, ಮೂತ್ರಪಿಂಡದ ರೋಗಿಗಳು, ಧೂಮಪಾನಿಗಳು, ಅಳತೆ ಸರಿಯಿದ್ದರೂ ಹೃದಯದ ಗೋಡೆ ದಪ್ಪಗಾಗಿರುವವರು ಈ ಪಟ್ಟಿಯಲ್ಲಿ ಮೊದಲು ಬರಬೇಕು. ಇಂಥವರು ಮನೆಯಲ್ಲಿ ಐದು ನಿಮಿಷ ಸುಮ್ಮನೆ ಕುಳಿತು, ಬೆಳಿಗ್ಗೆ ಮತ್ತು ಸಂಜೆ, ಕೆಲವು ದಿನ ಅಳೆದು ನೋಡಲಿ. ಸರಾಸರಿ 135/85 ಮುಟ್ಟಿದರೆ ವೈದ್ಯರನ್ನು ಕಾಣಲಿ.

ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ಇಂಥ ತಪಾಸಣೆಗಳಿಗೆ ಕೆಲವು ನಿಯಮಗಳನ್ನು ಹೇಳಿದರು. ಹುಡುಕಿ ತೆಗೆದ ರೋಗಕ್ಕೆ ಚಿಕಿತ್ಸೆಯ ವ್ಯವಸ್ಥೆ ಇರಬೇಕೆಂಬುದು ಅವುಗಳಲ್ಲೊಂದು. ಹಗಲೆಲ್ಲ ಹೊಲದಲ್ಲಿರುವ ಕೂಲಿಯವನು ಶಿಬಿರಕ್ಕೆ ಬಾರದೆ ತಪ್ಪಿಹೋದರೆ, ಬಂದವನಿಗೂ ಮುಂದಿನ ತಿಂಗಳ ಮಾತ್ರೆ ಸಿಗದೆಹೋದರೆ, ಆ ಪಟ್ಟಿ ಬರಿಯ ಕಾಗದವಾದೀತು. ಯಾರನ್ನು ಪರೀಕ್ಷಿಸಬೇಕೆಂದು ನಿರ್ಧರಿಸುವಾಗಲೇ ಅವರನ್ನು ಕಡೆಯವರೆಗೆ ನೋಡಿಕೊಳ್ಳುವವರು ಯಾರೆಂಬುದನ್ನೂ ನಿರ್ಧರಿಸಬೇಕಾಗುತ್ತದೆ.