ಬೆನ್ನು ಹತ್ತಿದವನಿಗೆ ಬೀದಿ ಉತ್ತರ ಹೇಳಲಿ
(ಚಾಮರಾಜಪೇಟೆಯ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಮಳಿಗೆ ಬಾಡಿಗೆ ಇವುಗಳ ಮೇಲೆ ನಾವು ಸಭೆ ಸೇರುವುದು ವಾಡಿಕೆ. ಈ ಸಂಜೆ ಆಡಬೇಕಾದ ಮಾತು ಬೇರೆ. ದುಡಿಯುವ ಹೆಣ್ಣುಮಗಳು ಮನೆಯಿಂದ ಹೊರಟು, ಕೆಲಸ ಮುಗಿಸಿ, ಮನೆಗೆ ಮರಳುವ ದಾರಿಯ ಮಾತು ಅದು. ಆ ದಾರಿಯಲ್ಲಿ ಭಯವಿದ್ದರೆ ಕೂಲಿ ಹೆಚ್ಚಿಸಿಕೊಂಡು ಫಲವೇನು?

2025ರ ಅಕ್ಟೋಬರ್ 16ರಂದು ಹಾಡುಹಗಲಿನಲ್ಲಿ, ಮಲ್ಲೇಶ್ವರದ ಮಂತ್ರಿ ಮಾಲಿನ ಸಮೀಪ ರೈಲು ಹಳಿಯ ಬಳಿ, ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಆಕೆಯ ಬೆನ್ನು ಹತ್ತಿದ್ದನೆಂಬ ಆರೋಪದ ಯುವಕನನ್ನು ಪೋಲೀಸರು ಹಿಡಿದರು. ಆ ಮಾಲ್ ನಿಂತಿರುವುದು ಹಳೆಯ ರಾಜಾ ಮಿಲ್ಲಿನ ನೆಲದ ಮೇಲೆ. ಅಲ್ಲಿ ನಮ್ಮ ಹಿರಿಯರು ಬೆವರು ಸುರಿಸಿದ್ದಾರೆ. 2022ರ ಏಪ್ರಿಲ್ 28ರಂದು ಸುಂಕದಕಟ್ಟೆಯಲ್ಲಿ ಒಬ್ಬ ಯುವತಿಯ ಮೇಲೆ ಆಸಿಡ್ ಎರಚಲಾಯಿತು. ಅದೂ ಆಕೆ ಕೆಲಸ ಮಾಡುತ್ತಿದ್ದ ಜಾಗದಲ್ಲೇ. ಒಲ್ಲೆ ಎಂದ ಮೇಲೂ ಪೀಡಿಸುತ್ತಿದ್ದವನ ಮೇಲೆಯೇ ಅಲ್ಲಿಯೂ ಆರೋಪ ಬಂತು.

ಇಂಥವನ ಕೈ ಮೇಲೇಳುವುದು ಒಂದು ದಿನ. ಕಾಲು ಹಿಂದೆ ಹಿಂದೆ ನಡೆದಿರುವುದು ಬಹಳ ದಿನ. ಆ ಬಹಳ ದಿನಗಳಲ್ಲಿ ನಾವು ಎಲ್ಲಿದ್ದೆವು ಎಂಬುದೇ ಪ್ರಶ್ನೆ. ಈಗಂತೂ ಬೆನ್ನು ಹತ್ತಲು ಬೀದಿಯೂ ಬೇಕಿಲ್ಲ. ಹೊತ್ತುಗೊತ್ತಿಲ್ಲದೆ ಫೋನ್ ಬರುತ್ತದೆ. ಒಂದು ನಂಬರು ತಡೆದರೆ ಇನ್ನೊಂದರಿಂದ ಬರುತ್ತದೆ. ಆಕೆಯ ಹೆಸರಿನಲ್ಲಿ ಸುಳ್ಳು ಖಾತೆ ತೆರೆದು ಚಿತ್ರ ಹರಡುತ್ತಾರೆ.

ಆಗ ಮನೆಯವರು ಹೇಳುವುದೇನು? “ಕೆಲಸ ಬಿಡು, ಫೋನ್ ಇತ್ತ ಕೊಡು, ಬೇಗ ಒಂದು ಮದುವೆ ಮಾಡಿಬಿಡೋಣ.” ತಪ್ಪು ಅವನದು, ದಂಡ ಇವಳಿಗೆ! ಹೋಗುವುದು ಇವಳ ಸಂಬಳ. ಅವನ ಒಂದು ದಿನದ ಕಾಫಿಯೂ ತಪ್ಪುವುದಿಲ್ಲ. ಮಾನ ಹೋಗುತ್ತದೆಂದು ನಾವು ಬಾಯಿ ಮುಚ್ಚಿದಷ್ಟೂ ಅವನಿಗೆ ಧೈರ್ಯ. ಮಾನ ಹೋಗಬೇಕಾದುದು ಯಾರದು, ಹೇಳಿ?

ಕಾನೂನು ಇದನ್ನು ಪುಂಡಾಟವೆಂದು ತಳ್ಳಿಹಾಕಿಲ್ಲ. 2013ರಲ್ಲಿ ದಂಡಸಂಹಿತೆಗೆ ತಿದ್ದುಪಡಿಯಾಗಿ, ಹೆಂಗಸನ್ನು ಬೆನ್ನು ಹತ್ತುವುದೇ ಒಂದು ಅಪರಾಧವಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೆಯ ಕಲಮು. ಬೇಡವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸಿ ಸಂಪರ್ಕಕ್ಕೆ ಯತ್ನಿಸುವುದು, ಅಂತರ್ಜಾಲದಲ್ಲಿ ಆಕೆಯ ಮೇಲೆ ಕಣ್ಣಿಡುವುದು, ಎಲ್ಲವೂ ಅದರಲ್ಲಿ ಸೇರಿದೆ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಸೆರೆವಾಸ, ಜತೆಗೆ ಜುಲ್ಮಾನೆ. ಆದರೆ ಮೊದಲ ಸಲದ ಅಪರಾಧಕ್ಕೆ ಜಾಮೀನು ಹಕ್ಕಾಗಿ ಸಿಗುತ್ತದೆ. ದೂರು ಕೊಟ್ಟ ಮರುದಿನವೇ ಅವನು ಅದೇ ತಿರುವಿನಲ್ಲಿ ನಿಂತಿರಬಹುದು. ಆದುದರಿಂದಲೇ ಕಾನೂನಿನ ಜತೆ ಜನವೂ ನಿಲ್ಲಬೇಕು ಎನ್ನುತ್ತೇವೆ.

ಮಾಡಬೇಕಾದುದೇನು? ಒಂದೇ ಸಲ, ಸ್ಪಷ್ಟವಾಗಿ, ಸಾಧ್ಯವಾದರೆ ಬರಹದಲ್ಲಿ “ಬೇಡ, ಮತ್ತೆ ಸಂಪರ್ಕಿಸಬೇಡ” ಎನ್ನಿ. ಆಮೇಲೆ ವಾದವಿಲ್ಲ, ಬೈಗುಳವಿಲ್ಲ, ಉತ್ತರವೇ ಇಲ್ಲ. ಬಂದ ಸಂದೇಶಗಳನ್ನು ಅಸಹ್ಯವೆಂದು ಅಳಿಸಬೇಡಿ, ಅವೇ ಸಾಕ್ಷಿ. ನಂಬರು, ತಾರೀಕು, ವೇಳೆ ಕಾಣುವಂತೆ ಚಿತ್ರ ತೆಗೆದಿಡಿ, ನಂತರ ತಡೆಯಿರಿ. ಎಲ್ಲಿ ನಿಂತಿದ್ದ, ಯಾರು ನೋಡಿದರು ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆಯಿರಿ. ಮನೆಯಲ್ಲಿ ಒಬ್ಬರಿಗೆ, ಕೆಲಸದಲ್ಲಿ ಒಬ್ಬರಿಗೆ ಹೇಳಿಡಿ.

ಬೆದರಿಕೆ ಬಂದ ಕ್ಷಣ 112ಕ್ಕೆ ಕರೆ ಮಾಡಿ. ಹೆಂಗಸರ ಸಹಾಯಕ್ಕೆಂದೇ 181 ಇದೆ. ಘಟನೆ ಯಾವ ಠಾಣೆಯ ಸರಹದ್ದಿನದಾದರೂ ದೂರು ತೆಗೆದುಕೊಳ್ಳಬೇಕೆಂದು ಈಗಿನ ಕಾನೂನು ಹೇಳುತ್ತದೆ. ಇಂಥ ದೂರನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. “ರಾಜಿ ಮಾಡಿಕೊಳ್ಳಿ” ಎಂದು ಕಳಿಸಿದರೆ ಮೇಲಧಿಕಾರಿಗೆ ಬರೆದುಕೊಡಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. ಠಾಣೆಗೆ ಆಕೆ ಒಬ್ಬಳೇ ಹೋಗಬಾರದು. ನಾಲ್ಕು ಜನ ಹೋದರೆ ಕುರ್ಚಿ ತಾನಾಗಿ ಸಿಗುತ್ತದೆ.

ಪೀಡಿಸುವವನು ಮೇಸ್ತ್ರಿಯೋ ಮಾಲೀಕನೋ ಆಗಿದ್ದರೆ? 10 ಅಥವಾ ಹೆಚ್ಚು ಜನ ದುಡಿಯುವ ಕಡೆ ದೂರು ಸಮಿತಿ ಇರಲೇಬೇಕೆಂದು 2013ರ ಕಾಯಿದೆಯಿದೆ. ನಿಮ್ಮ ಕಾರ್ಖಾನೆಯ ಸಮಿತಿಯಲ್ಲಿ ಯಾರಿದ್ದಾರೆ? ನಾಳೆಯೇ ಕೇಳಿ. ಸಣ್ಣ ಅಂಗಡಿ, ಮನೆಗೆಲಸದವರಿಗೆ, ಮಾಲೀಕನ ಮೇಲೆಯೇ ಕೊಡುವ ದೂರಿಗೆ ಜಿಲ್ಲೆಯ ಸ್ಥಳೀಯ ಸಮಿತಿಯಿದೆ.

ಅಂಗಡಿಯವರಿಗೊಂದು ಮಾತು. 2017ರಲ್ಲಿ ಉತ್ತರ ಪ್ರದೇಶದ ರೀಚಾರ್ಜ್ ಅಂಗಡಿಗಳಿಂದ ಹೆಂಗಸರ ನಂಬರುಗಳು ಮಾರಾಟವಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಗಿರಾಕಿಯ ನಂಬರು ಗಿರಾಕಿಯ ಸ್ವತ್ತು. ಅದನ್ನು ಕೇಳಿದವನಿಗೆ ಕೊಡುವುದು ತಕ್ಕಡಿಯಲ್ಲಿ ಮೋಸ ಮಾಡಿದುದಕ್ಕಿಂತ ಹೀನ. ಇನ್ನು, ಗಾಂಧಿ ಬಜಾರಿನಲ್ಲಾಗಲಿ ಎಂಟನೆಯ ಕ್ರಾಸಿನಲ್ಲಾಗಲಿ, ದಿನವೂ ಬೀದಿ ನೋಡುವವರು ನೀವು. ಹೆದರಿದ ಹುಡುಗಿ ಮೆಟ್ಟಿಲೇರಿದರೆ ಒಳಗೆ ಕೂರಿಸಿ. ಸಾಕ್ಷಿ ಹೇಳಲು ಹಿಂಜರಿಯಬೇಡಿ.

ಅವನನ್ನು ಹಿಡಿದು ಬಡಿಯೋಣವೆಂಬ ತರುಣರಿಗೆ ಹೇಳುವುದಿಷ್ಟೆ: ಬಡಿದರೆ ಮೊಕದ್ದಮೆ ನಿಮ್ಮ ಮೇಲೆ ತಿರುಗುತ್ತದೆ, ಅವನು ಬಡಪಾಯಿಯಾಗುತ್ತಾನೆ. ಅದಕ್ಕಿಂತ ಕಷ್ಟದ ಕೆಲಸ ಒಂದಿದೆ: ನಿಮ್ಮ ಗೆಳೆಯನೇ ಹಾಗೆ ಅಲೆಯುತ್ತಿದ್ದರೆ, ಅದನ್ನು ಪ್ರೀತಿಯೆಂದು ಹೊಗಳದೆ, ನಂಬರು ಹುಡುಕಿಕೊಡದೆ, ಮುಖಕ್ಕೆ ಹೇಳಿ ನಿಲ್ಲಿಸುವುದು.

ಮುಷ್ಕರದ ದಿನ ಒಬ್ಬನ ಮೇಲೆ ಕೈಮಾಡಿದರೆ ಎಲ್ಲರೂ ಎದ್ದು ನಿಲ್ಲುತ್ತೇವೆ. ರಾತ್ರಿ ಪಾಳಿ ಮುಗಿಸಿ ನಡೆದು ಬರುವ ನಮ್ಮ ಸೋದರಿಗೂ ಅದೇ ಸಂಘದ ಬಲ ಬೇಕು. ನಿಮ್ಮ ನಿಮ್ಮ ಬೀದಿಯಲ್ಲಿ ಅವಳ ಜತೆ ಠಾಣೆಗೆ ಹೋಗುವ ನಾಲ್ವರು ಯಾರೆಂಬುದನ್ನು ಈ ಸಭೆ ಮುಗಿಯುವ ಮೊದಲೇ ಗೊತ್ತುಮಾಡಿಕೊಂಡು ಏಳಿ.