ನಡಿಗೆಗೆ ಮೊದಲು ನಡು



ಕುಳಿತಲ್ಲಿಂದ ಏಳುವಾಗ ಮೊದಲು ಕೆಲಸ ಮಾಡುವುದು ಯಾವುದು? ಕಾಲು ಎನ್ನುತ್ತೀರಿ. ಒಮ್ಮೆ ಎದ್ದು ನೋಡಿ. ಕಾಲಿಗಿಂತ ಮೊದಲು ಮೈ ಮುಂದಕ್ಕೆ ಬಾಗುತ್ತದೆ. ಹೊಟ್ಟೆ, ಬೆನ್ನಿನ ಸ್ನಾಯುಗಳು ಬಿಗಿಯುತ್ತವೆ.

ಮಿದುಳಿನ ಒಂದು ಭಾಗಕ್ಕೆ ರಕ್ತ ಹರಿಯುವುದು ನಿಂತಾಗ, ಅಥವಾ ಅಲ್ಲಿನ ರಕ್ತನಾಳ ಒಡೆದಾಗ ಬರುವುದೇ ಲಕ್ವ, ಅಂದರೆ ಪಾರ್ಶ್ವವಾಯು. ಸಾಮಾನ್ಯವಾಗಿ ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ದೇಹದ ಬಲಭಾಗ ಸೋಲುತ್ತದೆ. ಸೋತ ಕೈಕಾಲು ಎಲ್ಲರ ಕಣ್ಣಿಗೆ ಬೀಳುತ್ತದೆ. ನಡುವಿನ ನಿತ್ರಾಣ ಅಷ್ಟಾಗಿ ಕಾಣುವುದಿಲ್ಲ. ಉಸಿರಾಟದ ಸ್ನಾಯುಗಳೂ ಕುಗ್ಗುತ್ತವೆ. ಕೆಮ್ಮಲು ಬಲವಿಲ್ಲದೆ ಕಫ ಉಳಿದರೆ ನ್ಯುಮೋನಿಯಾದ ಭಯ.

ಹೊಟ್ಟೆಯನ್ನು ಒಂದು ಡಬ್ಬಿ ಎಂದುಕೊಳ್ಳಿ. ಮುಚ್ಚಳವೇ ವಪೆ; ಸುತ್ತಲಿನ ಗೋಡೆ ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳು. ಉಸಿರೆಳೆದಾಗ ವಪೆ ಕೆಳಗಿಳಿದು ಒಳಗಿನ ಒತ್ತಡ ಏರುತ್ತದೆ. ಆ ಒತ್ತಡ ಬೆನ್ನೆಲುಬಿಗೆ ಆಸರೆ. ಆದ್ದರಿಂದಲೇ ಉಸಿರಿನ ವ್ಯಾಯಾಮ, ನಡುವಿನ ವ್ಯಾಯಾಮ ಎರಡೂ ಜೊತೆಯಾಗಿ ಸಾಗುತ್ತವೆ.

ಫಿಸಿಯೋಥೆರಪಿಸ್ಟ್ ಹೇಳಿಕೊಡುವ ಕ್ರಮ ಸರಳ. ಅಂಗಾತ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟು, ಆ ಕೈ ಮೇಲೇಳುವಂತೆ ಉಸಿರೆಳೆದು ನಿಧಾನವಾಗಿ ಬಿಡುವುದು. ಮೊಣಕಾಲು ಮಡಿಚಿ ಸೊಂಟ ಎತ್ತುವುದು. ಕುಳಿತು, ಕೈ ಚಾಚಿ ಎದುರಿನ ಲೋಟ ಮುಟ್ಟಿ ಹಿಂದಿರುಗುವುದು. ಉಸಿರು ಬಿಗಿಹಿಡಿಯಬಾರದು, ರಕ್ತದೊತ್ತಡ ಏರುತ್ತದೆ. ತಲೆ ಸುತ್ತಿದರೆ ನಿಲ್ಲಿಸಬೇಕು. ವೈದ್ಯರ ಒಪ್ಪಿಗೆಯಿಲ್ಲದೆ ಆರಂಭಿಸಲೂಬಾರದು.

ಮತ್ತೆ ಮತ್ತೆ ಮಾಡುವುದರಿಂದ ಮಿದುಳಿನ ಉಳಿದ ಭಾಗಗಳು ಕೆಲಸ ಕಲಿಯುತ್ತವೆ. ಆಸರೆಯಿಲ್ಲದೆ ಕುಳಿತುಕೊಳ್ಳುವುದು ಬೇಗ ಸಾಧ್ಯವಾದರೆ ನಡೆಯುವ ಭರವಸೆಯೂ ಹೆಚ್ಚು. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಹೀಗೆ ಮಲಗಿದ್ದರೆ, ನಡೆಯುವುದು ಯಾವಾಗ ಎಂದು ಕೇಳಬೇಡಿ. ಪಕ್ಕದಲ್ಲಿ ಕುಳಿತು, ಅವರ ಉಸಿರಿನ ಜೊತೆ ನೀವೂ ಎಣಿಸಿ.