ಕಟ್ಟದೆ ಬಿಟ್ಟ ಶಾಲೆಯ ಬೆಲೆ ತೆತ್ತವರು ಯಾರು?

(ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇತ್ತೀಚೆಗೆ ನಾನು ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಊರಿನ ಹೆಸರು ಬೇಡ, ಅಂಥ ಊರುಗಳು ಹಲವಿವೆ. ಅಲ್ಲಿ ನಾಲ್ಕನೆಯ ಮತ್ತು ಐದನೆಯ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಪರಸ್ಪರ ಬೆನ್ನು ಹಾಕಿ ಕುಳಿತಿದ್ದರು. ಎದುರುಬದುರಿನ ಗೋಡೆಗಳಲ್ಲಿ ಎರಡು ಕಪ್ಪುಹಲಗೆಗಳು. ಒಬ್ಬ ಶಿಕ್ಷಕಿ ಭಿನ್ನರಾಶಿ ಕಲಿಸುತ್ತಿದ್ದರೆ ಇನ್ನೊಬ್ಬರು ಪದ್ಯ ಓದಿಸುತ್ತಿದ್ದರು. ಪಕ್ಕದ ಕೊಠಡಿಗೆ ಬೀಗ ಜಡಿಯಲಾಗಿತ್ತು. ಅದರ ಛಾವಣಿಯ ಗಾರೆ ಕಳಚಿ ಬೀಳುತ್ತದೆಯಂತೆ. ನಾನು ವಿಚಾರಿಸಿದಾಗ ಮುಖ್ಯೋಪಾಧ್ಯಾಯಿನಿಯವರು, “ಹೊಸ ಕೊಠಡಿಗೆ ಬರೆದುಕೊಂಡಿದ್ದೇವೆ ಸರ್. ಈ ವರ್ಷ ಅನುದಾನ ಇಲ್ಲವಂತೆ, ಮುಂದಿನ ವರ್ಷ ನೋಡೋಣ ಅಂದಿದ್ದಾರೆ” ಎಂದರು.

ಅವರ ಮಾತಿನಲ್ಲಿ ದೂರು ಇರಲಿಲ್ಲ, ಕೇಳಿ ಕೇಳಿ ರೂಢಿಯಾಗಿತ್ತು. ಆದರೆ ಆ ‘ಮುಂದಿನ ವರ್ಷ’ ಎಂಬ ಪದ ನನ್ನ ಮನಸ್ಸಿನಿಂದ ಹೋಗಲಿಲ್ಲ. ಕಟ್ಟಡಕ್ಕೆ ಮುಂದಿನ ವರ್ಷವಿದೆ, ಇಲಾಖೆಗೂ ಇದೆ. ಇಂದು ಐದನೆಯ ತರಗತಿಯಲ್ಲಿ ಕುಳಿತ ಹುಡುಗಿಗೆ ಮುಂದಿನ ವರ್ಷ ಐದನೆಯ ತರಗತಿ ಇರುವುದಿಲ್ಲ.

ಈ ‘ಮುಂದಿನ ವರ್ಷ’ವು ಮೂವತ್ತು ವರ್ಷಗಳ ಕಾಲ ಮುಂದಕ್ಕೆ ಹೋದರೆ ಏನಾಗುತ್ತದೆ? ಇದು ಬರೀ ಊಹೆಯ ಪ್ರಶ್ನೆಯಲ್ಲ. ಒಂದು ಮಹಾನಗರದಲ್ಲಿ ವಸ್ತುತಃ ಹಾಗೆ ನಡೆದಿದೆ. ಅದು ಬಡ ದೇಶದ ನಗರವಲ್ಲ. ಜಗತ್ತಿನ ಅತ್ಯಂತ ಶ್ರೀಮಂತ ರಾಷ್ಟ್ರವಾದ ಅಮೆರಿಕದ, ಅದರಲ್ಲೂ ಶ್ರೀಮಂತ ರಾಜ್ಯವಾದ ಕ್ಯಾಲಿಫೋರ್ನಿಯದ ಲಾಸ್ ಏಂಜಲೀಸ್. ಹಾಲಿವುಡ್ ಇರುವ ಅದೇ ನಗರ. ಇಂದು ಆ ನಗರದ ಕಥೆಯನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಮೊದಲಿಗೆ ಒಂದು ವಿವರಣೆ ಅಗತ್ಯ. ಅಮೆರಿಕದಲ್ಲಿ ಶಾಲೆಗಳನ್ನು ನಡೆಸುವುದು ದಿಲ್ಲಿಯಂಥ ಕೇಂದ್ರವೂ ಅಲ್ಲ, ನಮ್ಮಲ್ಲಿರುವಂತೆ ರಾಜ್ಯದ ಶಿಕ್ಷಣ ಇಲಾಖೆಯೂ ಅಲ್ಲ. ‘ಶಾಲಾ ಜಿಲ್ಲೆ’ ಎಂಬ ಪ್ರತ್ಯೇಕ ಸಂಸ್ಥೆಯಿರುತ್ತದೆ. ಅದಕ್ಕೆ ಜನರೇ ಆರಿಸಿದ ಮಂಡಳಿಯಿರುತ್ತದೆ. ಲಾಸ್ ಏಂಜಲೀಸ್ ಶಾಲಾ ಜಿಲ್ಲೆಯು ನ್ಯೂಯಾರ್ಕನ್ನು ಬಿಟ್ಟರೆ ಆ ದೇಶದಲ್ಲೇ ದೊಡ್ಡದು. ಅಲ್ಲಿನ ಶಾಲೆಗಳ ಮುಖ್ಯ ಆಧಾರ ಮನೆ-ಜಮೀನಿನ ಮೇಲಿನ ಆಸ್ತಿ ತೆರಿಗೆಯಾಗಿತ್ತು.

1978ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಮತದಾರರು ‘ಪ್ರಸ್ತಾವ 13’ ಎಂಬುದನ್ನು ಮೂರನೇ ಎರಡರಷ್ಟರ ಸನಿಹದ ಬಹುಮತದಿಂದ ಅಂಗೀಕರಿಸಿದರು. ಆಸ್ತಿ ತೆರಿಗೆಯನ್ನು ಆಸ್ತಿಯ ಮೌಲ್ಯದ ಶೇ. 1ಕ್ಕೆ ಸೀಮಿತಗೊಳಿಸಲಾಯಿತು. ಆಸ್ತಿ ಕೈ ಬದಲಾಗುವ ತನಕ ಆ ಮೌಲ್ಯವನ್ನು ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚಿಸುವಂತಿರಲಿಲ್ಲ. ಮನೆಯ ಬೆಲೆಯೊಂದಿಗೆ ತೆರಿಗೆಯೂ ಏರುತ್ತಿದ್ದುದರಿಂದ ನಿವೃತ್ತರು, ವೃದ್ಧರು ನಿಜಕ್ಕೂ ಕಷ್ಟದಲ್ಲಿದ್ದರು. ಅವರ ಸಂಕಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪರಿಣಾಮವೇನಾಯಿತು? ಸ್ಥಳೀಯ ಆಸ್ತಿ ತೆರಿಗೆಯ ಆದಾಯ ಒಂದೇ ಏಟಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ಶಾಲೆ ಕಟ್ಟಲು ಶಾಲಾ ಜಿಲ್ಲೆಗಳು ಬಾಂಡ್ ಮೂಲಕ ಸಾಲವೆತ್ತಿ, ಅದನ್ನು ಆಸ್ತಿ ತೆರಿಗೆಯಿಂದ ತೀರಿಸುವ ಪದ್ಧತಿಯಿತ್ತು. ಆ ದಾರಿಯೂ ಮುಚ್ಚಿತು. 1986ರಲ್ಲಿ ಅದನ್ನು ಪುನಃ ತೆರೆದಾಗಲೂ ಮೂರನೇ ಎರಡರಷ್ಟು ಮತದಾರರ ಒಪ್ಪಿಗೆ ಬೇಕಿತ್ತು.

ಇದೇ ಅವಧಿಯಲ್ಲಿ ನಗರ ಬೆಳೆಯುತ್ತಿತ್ತು. ಮೆಕ್ಸಿಕೊ, ಎಲ್ ಸಾಲ್ವಡಾರ್, ಗ್ವಾಟೆಮಾಲಗಳಿಂದ ಕೂಲಿ ಅರಸಿ, ಯುದ್ಧಕ್ಕೆ ಹೆದರಿ ಬಂದ ಕುಟುಂಬಗಳು ನಗರದ ನಡುವಿನ ಇಕ್ಕಟ್ಟಾದ ಬಡಾವಣೆಗಳಲ್ಲಿ ನೆಲೆಸಿದವು. 1980ರ ಆಸುಪಾಸಿನಲ್ಲಿ ಸುಮಾರು ಐದೂವರೆ ಲಕ್ಷದಷ್ಟಿದ್ದ ವಿದ್ಯಾರ್ಥಿಗಳ ಸಂಖ್ಯೆ 2000ದ ದಶಕದ ಆರಂಭದಲ್ಲಿ 7 ಲಕ್ಷದ 40 ಸಾವಿರವನ್ನು ದಾಟಿತು. ಆದರೆ 1970ರ ದಶಕದ ಆರಂಭದಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಆ ಶಾಲಾ ಜಿಲ್ಲೆಯಲ್ಲಿ ಪೂರ್ಣ ಪ್ರಮಾಣದ ಒಂದೇ ಒಂದು ಹೊಸ ಹೈಸ್ಕೂಲು ಬಾಗಿಲು ತೆರೆಯಲಿಲ್ಲ.

ಹಾಗಾದರೆ ಮಕ್ಕಳನ್ನು ಎಲ್ಲಿ ಕೂರಿಸಿದರು? ಆಟದ ಮೈದಾನಗಳಲ್ಲಿ ಲಾರಿಯಿಂದ ತಂದಿಳಿಸಿದ ಸಿದ್ಧ ಕೊಠಡಿಗಳನ್ನು ಸಾಲಾಗಿ ಇರಿಸಿದರು. ಸಾವಿರಾರು ಮಕ್ಕಳನ್ನು ದಿನಂಪ್ರತಿ ಬಸ್ಸಿನಲ್ಲಿ ತುಂಬಿ ದೂರದ ಬಡಾವಣೆಗಳ ಶಾಲೆಗಳಿಗೆ ಸಾಗಿಸಿದರು. ನಗರದ ಮಧ್ಯಭಾಗದ ಬೆಲ್ಮಾಂಟ್ ಹೈಸ್ಕೂಲಿನ ವಿದ್ಯಾರ್ಥಿಗಳ ಸಂಖ್ಯೆ ಒಂದು ಹಂತದಲ್ಲಿ ಐದು ಸಾವಿರವನ್ನು ಮೀರಿತ್ತು. ಇವೆಲ್ಲವೂ ಸಾಲದಾದಾಗ ಶಾಲಾ ಪಂಚಾಂಗವನ್ನೇ ಬದಲಿಸಿದರು.

ಸಹೋದರರೇ, ಈ ಪಂಚಾಂಗದ ಸಂಗತಿಯನ್ನು ತಾವು ಗಮನವಿಟ್ಟು ಕೇಳಬೇಕು. ಶಾಲೆಯ ಮಕ್ಕಳನ್ನು ಮೂರು ಗುಂಪು ಮಾಡಲಾಯಿತು. ಯಾವುದೇ ಸಮಯದಲ್ಲಿ ಎರಡು ಗುಂಪುಗಳು ಶಾಲೆಯಲ್ಲಿ, ಒಂದು ಗುಂಪು ರಜೆಯಲ್ಲಿ. ಹೀಗೆ ವರ್ಷವಿಡೀ ಶಾಲೆ ಮುಚ್ಚದೆ ನಡೆಯುತ್ತದೆ. ಎರಡು ಸಾವಿರ ಮಕ್ಕಳಿಗೆಂದು ಕಟ್ಟಿದ ಶಾಲೆಯಲ್ಲಿ ಮೂರು ಸಾವಿರ ಮಕ್ಕಳ ಹೆಸರು ದಾಖಲಾಗುತ್ತದೆ. ಒಂದು ಇಟ್ಟಿಗೆಯನ್ನೂ ಇಡದೆ ಸಾವಿರ ಮಕ್ಕಳಿಗೆ ಸ್ಥಳ ದೊರಕಿತು! ಲೆಕ್ಕಪತ್ರ ನೋಡುವವರಿಗೆ ಇದಕ್ಕಿಂತ ಸಂತೋಷದ ಸಂಗತಿ ಬೇರೇನಿದೆ?

ಆದರೆ ಮೂರು ಗುಂಪುಗಳನ್ನು ಒಂದು ವರ್ಷದೊಳಗೆ ಹೊಂದಿಸುವಾಗ 180 ದಿನಗಳ ಶಾಲಾ ವರ್ಷ ಹಿಡಿಸಲಿಲ್ಲ. ಅದು 163 ದಿನಗಳಿಗೆ ಇಳಿಯಿತು. ಪ್ರತಿದಿನ ಕೆಲವು ನಿಮಿಷ ಹೆಚ್ಚು ಪಾಠ ಮಾಡಿ ಸರಿದೂಗಿಸುತ್ತೇವೆ ಎಂದರು. ದಿನದ ಕೊನೆಯಲ್ಲಿ ದಣಿದ ಮಗುವಿನ ಕೆಲವು ನಿಮಿಷಗಳು ಒಂದು ಹೊಸ ದಿನಕ್ಕೆ ಸಮವೇ ಎಂಬುದನ್ನು ತರಗತಿಯಲ್ಲಿ ನಿಂತು ಪಾಠ ಮಾಡಿದ ಯಾರನ್ನಾದರೂ ಕೇಳಿ. ವರ್ಷಕ್ಕೆ 17 ದಿನ. ಒಂದು ಮಗು ಹನ್ನೆರಡು ವರ್ಷವೂ ಇಂಥ ಶಾಲೆಗಳಲ್ಲೇ ಓದಿದರೆ 204 ದಿನ. ಅರ್ಥಾತ್, ಒಂದು ಇಡೀ ಶಾಲಾ ವರ್ಷ, ಅದರ ಮೇಲೆ ಇನ್ನೂ 24 ದಿನ.

ಶಾಲೆ ಕಟ್ಟದೆ ಉಳಿಸಿದೆವೆಂದು ಹೇಳಿಕೊಂಡ ಹಣ ಎಲ್ಲಿಂದ ಬಂತೆಂಬುದು ಈಗ ತಿಳಿಯಿತಲ್ಲ? ಆ ಬೆಲೆಯನ್ನು ತೆತ್ತವರು ಮತಪತ್ರ ಕೈಯಲ್ಲಿ ಹಿಡಿಯುವ ವಯಸ್ಸೇ ಆಗದ ಮಕ್ಕಳು. ಅವರಲ್ಲಿ ಅನೇಕರ ತಂದೆತಾಯಿಗಳಿಗೂ ಪೌರತ್ವ ಇರಲಿಲ್ಲವಾದುದರಿಂದ ಮತದಾನದ ಹಕ್ಕೂ ಇರಲಿಲ್ಲ.

ನಷ್ಟ ದಿನಗಳಲ್ಲಿ ಮಾತ್ರವಲ್ಲ. ಮೇಲ್ಮಟ್ಟದ ಗಣಿತ, ವಿಜ್ಞಾನದ ತರಗತಿಗಳನ್ನು ಮೂರೂ ಗುಂಪುಗಳಿಗೆ ಕೊಡಲು ಶಿಕ್ಷಕರಿರಲಿಲ್ಲ. ಕೆಲವು ಗುಂಪುಗಳಿಗೆ ಮಾತ್ರ ಸಿಕ್ಕಿತು. ತಪ್ಪು ಗುಂಪಿಗೆ ಬಿದ್ದ ಹುಡುಗನಿಗೆ ಕಾಲೇಜಿನ ದಾರಿಯೇ ಕಿರಿದಾಯಿತು. ಇಡೀ ದೇಶಕ್ಕೆ ಒಂದೇ ದಿನ ನಡೆಯುವ ಪರೀಕ್ಷೆಯ ಸಮಯದಲ್ಲಿ ಕೆಲವು ಗುಂಪುಗಳು ರಜೆಯಲ್ಲಿರುತ್ತಿದ್ದವು.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಶಾಲೆಗಳು ಉಸಿರುಗಟ್ಟಿದಾಗ ಸಮಾಜವು ಬೊಟ್ಟು ಮಾಡಿದ್ದು ಶಾಲೆ ಕಟ್ಟದವರ ಕಡೆಗಲ್ಲ. ‘ಇವರು ಬಂದುದರಿಂದಲೇ ಶಾಲೆ ತುಂಬಿತು’ ಎಂಬ ಮಾತು ಹಬ್ಬಿತು. 1994ರ ನವೆಂಬರ್‌ನಲ್ಲಿ ಅದೇ ರಾಜ್ಯದ ಮತದಾರರು ‘ಪ್ರಸ್ತಾವ 187’ನ್ನು ಅಂಗೀಕರಿಸಿದರು. ದಾಖಲೆಪತ್ರಗಳಿಲ್ಲದ ವಲಸಿಗರ ಮಕ್ಕಳನ್ನು ಸರಕಾರಿ ಶಾಲೆಗಳಿಂದ ಹೊರಗಿಡುವುದು ಅದರ ಒಂದು ಉದ್ದೇಶವಾಗಿತ್ತು. ನ್ಯಾಯಾಲಯ ಅದನ್ನು ತಡೆಯಿತು. ಅಂಥ ಮಕ್ಕಳಿಗೂ ಶಾಲೆಯ ಹಕ್ಕಿದೆಯೆಂದು 1982ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತ್ತು. ಕೊರತೆಯ ಹೊಣೆಯನ್ನು ಕೊರತೆಯಿಂದ ನರಳುವವನ ತಲೆಗೇ ಕಟ್ಟುವ ಈ ರೀತಿ ನಮಗೇನೂ ಅಪರಿಚಿತವಲ್ಲ.

ಬದಲಾವಣೆ ಹೇಗೆ ಬಂತು? ಒಂದೇ ದಾರಿಯಿಂದಲ್ಲ. 1997ರಲ್ಲಿ ಲಾಸ್ ಏಂಜಲೀಸ್‌ನ ಮತದಾರರು ಶಾಲೆಗಳ ದುರಸ್ತಿ ಮತ್ತು ನಿರ್ಮಾಣಕ್ಕೆ 240 ಕೋಟಿ ಡಾಲರ್‌ಗಳ ಬಾಂಡ್‌ಗೆ ಒಪ್ಪಿಗೆ ನೀಡಿದರು. 2000ದ ಮೇ 17ರಂದು ವಿದ್ಯಾರ್ಥಿಗಳು ಮತ್ತು ಪೋಷಕರ ಪರವಾಗಿ ರಾಜ್ಯ ಸರಕಾರದ ವಿರುದ್ಧವೇ ‘ವಿಲಿಯಮ್ಸ್’ ಮೊಕದ್ದಮೆ ಹೂಡಲಾಯಿತು. ಅದಕ್ಕೆ ಸರಿಯಾಗಿ 46 ವರ್ಷಗಳ ಹಿಂದೆ ಅದೇ ದಿನಾಂಕದಂದು ಅಮೆರಿಕದ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಕರಿಯರನ್ನು ಬೇರ್ಪಡಿಸುವುದು ಸಂವಿಧಾನಬಾಹಿರವೆಂದು ತೀರ್ಪು ನೀಡಿತ್ತು. 2004ರ ಒಪ್ಪಂದದಂತೆ 163 ದಿನಗಳ ಪಂಚಾಂಗವನ್ನು 2012ರೊಳಗೆ ಕೊನೆಗಾಣಿಸಬೇಕೆಂದು ನಿರ್ಧಾರವಾಯಿತು. 2000ದ ನವೆಂಬರ್‌ನಲ್ಲಿ ಇನ್ನೊಂದು ಪ್ರಸ್ತಾವದ ಮೂಲಕ, ಶಾಲಾ ಬಾಂಡ್‌ಗೆ ಬೇಕಾದ ಬಹುಮತವನ್ನು ಶೇ. 55ಕ್ಕೆ ಇಳಿಸಲಾಯಿತು. ಆದರೆ ಒಂದು ಷರತ್ತು: ಆ ಹಣದ ವಿನಿಯೋಗವನ್ನು ನಾಗರಿಕರ ಸಮಿತಿಯೊಂದು ಪರಿಶೀಲಿಸಬೇಕು.

ಇಂಥ ಷರತ್ತು ಏಕೆ ಬೇಕೆಂಬುದಕ್ಕೆ ಒಂದು ಉದಾಹರಣೆಯಿದೆ. ಬೆಲ್ಮಾಂಟ್‌ನ ನೂಕುನುಗ್ಗಲನ್ನು ಕಡಿಮೆ ಮಾಡಲೆಂದು 1990ರ ದಶಕದಲ್ಲಿ ಒಂದು ಬೃಹತ್ ಹೈಸ್ಕೂಲನ್ನು ಕಟ್ಟತೊಡಗಿದ್ದರು. ಆ ನೆಲ ಹಳೆಯ ತೈಲಕ್ಷೇತ್ರ. ಅಲ್ಲಿ ಮೀಥೇನ್ ಅನಿಲ ಸೋರುವ ಅಪಾಯವಿದೆಯೆಂಬ ಸಂಗತಿ ಗೋಡೆಗಳು ಎದ್ದ ಮೇಲೆ ದೊಡ್ಡ ವಿವಾದವಾಯಿತು. ಕೆಲಸ ನಿಂತಿತು. ಕೋಟ್ಯಂತರ ಡಾಲರ್ ಮಣ್ಣುಪಾಲಾದಂತೆ ಕಂಡಿತು. ಕೊನೆಗೆ ಅದರ ಒಂದು ಭಾಗವನ್ನು ಕೆಡವಿ, ರಕ್ಷಣಾ ವ್ಯವಸ್ಥೆ ಅಳವಡಿಸಿ, 2008ರಲ್ಲಿ ಬೇರೆ ಹೆಸರಿನಿಂದ ಶಾಲೆ ತೆರೆಯಲಾಯಿತು. ಸಾರ್ವಜನಿಕ ಹಣ ಒಂದು ಅಮಾನತ್ತು. ಅದನ್ನು ಕೇಳಲು ಹೋಗುವವರು ಲೆಕ್ಕ ಕೇಳಲೂ ಸಿದ್ಧರಿರಬೇಕಾಗುತ್ತದೆ.

2002, 2004, 2005 ಮತ್ತು 2008ರಲ್ಲಿ ಮತದಾರರು ಪುನಃ ಪುನಃ ಬಾಂಡ್‌ಗಳಿಗೆ ಒಪ್ಪಿಗೆ ಕೊಟ್ಟರು. 2008ರದ್ದೊಂದೇ 700 ಕೋಟಿ ಡಾಲರ್. ನಿರ್ಮಾಣದ ಉಸ್ತುವಾರಿಗೆ ನೌಕಾಪಡೆಯ ನಿವೃತ್ತ ಎಂಜಿನಿಯರುಗಳನ್ನು ಕರೆತಂದರು. 2017ರ ಹೊತ್ತಿಗೆ 130ಕ್ಕೂ ಹೆಚ್ಚು ಹೊಸ ಶಾಲೆಗಳು ಎದ್ದವು. ಇದು ಸಣ್ಣ ಸಾಧನೆಯಲ್ಲ. ಆದರೆ ಎಂಥ ಬೆಲೆಗೆ? ಮೊದಲೇ ಕಟ್ಟಿದ್ದರೆ ಅಗ್ಗವಾಗಿ ಸಿಗುತ್ತಿದ್ದ ನೆಲಕ್ಕೆ ಈಗ ಚಿನ್ನದ ಬೆಲೆ. ಖಾಲಿ ಜಾಗವೇ ಇಲ್ಲದ ಬಡಾವಣೆಗಳಲ್ಲಿ ಶಾಲೆಗಾಗಿ ಬಡವರ ಮನೆಗಳನ್ನೇ ತೆರವುಗೊಳಿಸಬೇಕಾಯಿತು. 2010ರಲ್ಲಿ ಹಳೆಯ ಹೋಟೆಲೊಂದರ ಜಾಗದಲ್ಲಿ ತೆರೆದ ರಾಬರ್ಟ್ ಕೆನಡಿ ಶಾಲಾ ಸಮುಚ್ಚಯಕ್ಕೆ ಸುಮಾರು 57 ಕೋಟಿ 80 ಲಕ್ಷ ಡಾಲರ್ ತಗಲಿತು. ಅದೇ ಸಮಯದಲ್ಲಿ ಆರ್ಥಿಕ ಹಿಂಜರಿತದಿಂದಾಗಿ ಅದೇ ಶಾಲಾ ಜಿಲ್ಲೆ ಸಾವಿರಾರು ಶಿಕ್ಷಕರನ್ನು ಕೆಲಸದಿಂದ ತೆಗೆಯುತ್ತಿತ್ತು. ಬಾಂಡ್ ಹಣದಿಂದ ಗೋಡೆ ಕಟ್ಟಬಹುದು, ಸಂಬಳ ಕೊಡುವಂತಿಲ್ಲ.

ಇನ್ನೂ ಒಂದು ವಿಪರ್ಯಾಸ. ಶಾಲೆಗಳು ಮೇಲೇಳುತ್ತಿದ್ದಂತೆ ಮಕ್ಕಳು ಕಡಿಮೆಯಾಗತೊಡಗಿದರು. ಜನನ ಪ್ರಮಾಣ ಇಳಿಯಿತು, ಬಾಡಿಗೆ ತಾಳಲಾರದೆ ಕುಟುಂಬಗಳು ನಗರ ಬಿಟ್ಟವು, ಹಲವರು ಸ್ವತಂತ್ರ ಆಡಳಿತದ ಚಾರ್ಟರ್ ಶಾಲೆಗಳಿಗೆ ಹೋದರು. ಇಂದು ಅಲ್ಲಿನ ವಿದ್ಯಾರ್ಥಿಗಳ ಸಂಖ್ಯೆ ನಾಲ್ಕು ಲಕ್ಷದ ಆಸುಪಾಸಿನಲ್ಲಿದೆ. ಖಾಲಿ ಕೊಠಡಿಗಳನ್ನೇನು ಮಾಡುವುದೆಂಬುದು ಈಗಿನ ಚರ್ಚೆ. 163 ದಿನ ಓದಿದ ಆ ಮಕ್ಕಳು ಈಗ ಮೂವತ್ತು, ನಲ್ವತ್ತು, ಐವತ್ತರ ಪ್ರಾಯದವರು. ಅವರಿಗೆ ಯಾವ ಕೊಠಡಿಯೂ ಬೇಕಿಲ್ಲ.

ಈಗ ನಮ್ಮ ಮನೆಯ ಕಡೆಗೆ ಬರೋಣ. ನಮ್ಮಲ್ಲಿ ಶಾಲಾ ಬಾಂಡ್‌ಗೆ ಮತ ಹಾಕುವ ಪದ್ಧತಿಯಿಲ್ಲ. ಹಣ ಕೇಂದ್ರ ಮತ್ತು ರಾಜ್ಯಗಳ ಬಜೆಟ್‌ನಿಂದ ಬರಬೇಕು. ಸರ್ವ ಶಿಕ್ಷಣ ಅಭಿಯಾನದಲ್ಲೂ ಕಟ್ಟಡ ಕಾಮಗಾರಿಗೆ ಒಟ್ಟು ವೆಚ್ಚದ ಶೇ. 33ರ ಮಿತಿಯಿತ್ತು. ಆದರೆ ಅಲ್ಲಿನ ಪೋಷಕರು ನ್ಯಾಯಾಲಯದ ಮೆಟ್ಟಿಲೇರಿ ಪಡೆಯಬೇಕಾಗಿ ಬಂದುದನ್ನು ನಮ್ಮ ಶಾಸನ ಮೊದಲೇ ಬರೆದಿಟ್ಟಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ತರಗತಿ ಕೊಠಡಿ ಇರಬೇಕು. ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಶೌಚಾಲಯ, ಆಟದ ಮೈದಾನ, ಆವರಣ ಗೋಡೆ ಇರಬೇಕು. ಇದನ್ನೆಲ್ಲ ಪೂರೈಸಲು ನೀಡಲಾಗಿದ್ದ ಮೂರು ವರ್ಷಗಳ ಗಡುವು 2013ರ ಮಾರ್ಚ್ 31ಕ್ಕೆ ಮುಗಿಯಿತು. ನಾನು ಕಂಡ ಆ ಕೊಠಡಿಯಲ್ಲಿ ಇಬ್ಬರು ಶಿಕ್ಷಕಿಯರಿದ್ದರು.

ನಮ್ಮ ಸಮುದಾಯಕ್ಕೆ ಇದರಲ್ಲಿ ವಿಶೇಷ ಆಸಕ್ತಿ ಏಕಿರಬೇಕು? ನಮ್ಮ ಮಕ್ಕಳೆಲ್ಲ ಮದ್ರಸಗಳಲ್ಲೇ ಓದುತ್ತಾರೆಂಬ ಭ್ರಮೆ ಹೊರಗಿನವರಲ್ಲಿದೆ. ಶಾಲಾ ಪ್ರಾಯದ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಗಳಿಗೆ ಹೋಗುವವರು ಶೇ. 3ರಷ್ಟು ಮಾತ್ರವೆಂದು 2006ರ ಸಾಚಾರ್ ಸಮಿತಿಯ ವರದಿ ತೋರಿಸಿಕೊಟ್ಟಿದೆ. 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ನಾಲ್ಕನೇ ಒಂದರಷ್ಟು ಮಂದಿ ಶಾಲೆಯ ಮುಖವನ್ನೇ ಕಂಡಿಲ್ಲ ಅಥವಾ ನಡುವೆಯೇ ಬಿಟ್ಟಿದ್ದಾರೆಂದೂ ಅದೇ ವರದಿ ಹೇಳಿತ್ತು. ನಮ್ಮ ಬಡ ಕುಟುಂಬಗಳಿಗೆ ಸರಕಾರಿ ಶಾಲೆಯೇ ಗತಿ. ಕೈಯಲ್ಲಿ ನಾಲ್ಕು ಕಾಸಿರುವ ನಾವು ಏನು ಮಾಡಿದ್ದೇವೆ? ಇಕ್ಕಟ್ಟು ಕಂಡೊಡನೆ ನಮ್ಮ ಮಗುವಿನ ಕೈಹಿಡಿದು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗೆ ಸೇರಿಸಿ ಬಂದಿದ್ದೇವೆ. ನಾನೂ ಅದನ್ನೇ ಮಾಡಿದವನು. ಯಾರನ್ನೂ ದೂಷಿಸಲು ಈ ಮಾತು ಹೇಳುತ್ತಿಲ್ಲ. ಆದರೆ ಅರ್ಜಿ ಬರೆಯಬಲ್ಲ, ಕಚೇರಿಗೆ ಅಲೆಯಬಲ್ಲ ಪೋಷಕರೆಲ್ಲ ಹೊರಟುಹೋದ ಮೇಲೆ ಆ ಶಾಲೆಯ ಪರವಾಗಿ ಕೇಳುವವರು ಯಾರು ಉಳಿದರು?

ಕೇಳುವ ದಾರಿಯೂ ಕಾಯಿದೆಯಲ್ಲಿದೆ. ಪ್ರತಿ ಸರಕಾರಿ ಶಾಲೆಗೆ ಒಂದು ಸಮಿತಿಯಿರಬೇಕು. ನಮ್ಮಲ್ಲಿ ಅದನ್ನು ಎಸ್‌ಡಿಎಂಸಿ ಎನ್ನುತ್ತೇವೆ. ಅದರ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. 22ನೇ ಸೆಕ್ಷನ್ನಿನಂತೆ ಈ ಸಮಿತಿ ಶಾಲಾ ಅಭಿವೃದ್ಧಿ ಯೋಜನೆಯೊಂದನ್ನು ಸಿದ್ಧಪಡಿಸಬೇಕು. ಸರಕಾರದ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಬೇಕೆಂದು ಅದೇ ಸೆಕ್ಷನ್ ಹೇಳುತ್ತದೆ. ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು, ಬಳಕೆಗೆ ಯೋಗ್ಯವಾದ ಕೊಠಡಿಗಳೆಷ್ಟು, ಮುಂದಿನ ಮೂರು ವರ್ಷಗಳಲ್ಲಿ ಎಷ್ಟು ಮಕ್ಕಳು ಸೇರಬಹುದು ಎಂಬುದನ್ನು ಪೋಷಕರೇ ಕುಳಿತು ಬರೆಯುವ ಕಾಗದ ಅದು.

ನಾನು ಹೋಗಿದ್ದ ಶಾಲೆಯಲ್ಲಿ ಆ ಯೋಜನೆಯನ್ನು ತೋರಿಸಿರೆಂದು ಕೇಳಿದೆ. ಮುಖ್ಯೋಪಾಧ್ಯಾಯಿನಿಯವರು ಬೀರುವಿನಿಂದ ಕಡತ ತೆಗೆದರು. ಹಳೆಯ ಯೋಜನೆಯ ಪುಟಗಳನ್ನೇ ನಕಲು ಮಾಡಿ ಹೊಸ ದಿನಾಂಕ ಹಾಕಲಾಗಿತ್ತು. ಬೀಗ ಹಾಕಿದ ಆ ಕೊಠಡಿಯೂ ಅದರಲ್ಲಿ ‘ಸುಸ್ಥಿತಿಯಲ್ಲಿದೆ’ ಎಂದೇ ಎಣಿಕೆಯಾಗಿತ್ತು. ಸಮಿತಿಯ ಸದಸ್ಯೆಯೊಬ್ಬರು ಅಲ್ಲೇ ಇದ್ದರು, ಬೀಡಿ ಕಟ್ಟಿ ಜೀವನ ಸಾಗಿಸುವ ತಾಯಿ. ಕೊನೆಯ ಪುಟದಲ್ಲಿದ್ದ ತಮ್ಮ ಸಹಿಯನ್ನು ನೋಡಿ, “ಇದರಲ್ಲಿ ಏನು ಬರೆದಿದೆಯೆಂದು ನನಗೆ ಯಾರೂ ಓದಿ ಹೇಳಲಿಲ್ಲ, ಭಾಯಿ” ಎಂದರು. ನಾವು ಅಲ್ಲೇ ಕುಳಿತು ಅದನ್ನು ಮೊದಲಿನಿಂದ ಓದಿದೆವು. ಆ ಸಂಜೆಯೇ ಅವರು ಮಕ್ಕಳನ್ನೂ ಕೊಠಡಿಗಳನ್ನೂ ಪುನಃ ಎಣಿಸಿ ಬೇರೆ ಕಾಗದದಲ್ಲಿ ಬರೆಸಿದ್ದಾರೆ. ಸಮಿತಿಯ ಮುಂದಿನ ಸಭೆಯಲ್ಲಿ ಅದನ್ನು ಮಂಡಿಸಲಿದ್ದಾರೆ.

ತಮ್ಮ ಬಡಾವಣೆಯ ಶಾಲೆಯ ಬೀರುವಿನಲ್ಲೂ ಅಂಥ ಒಂದು ಕಡತವಿದೆ. ಅದರಲ್ಲಿ ಎಷ್ಟು ಕೊಠಡಿಗಳೆಂದು ಬರೆದಿದೆ ಎಂಬುದನ್ನು ಈ ವಾರ ಹೋಗಿ ನೋಡಿ ಬನ್ನಿ.